ಜರಿದ ಗುಡ್ಡ ಮತ್ತೆ ಹಸಿರಾಗುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ರೇಡಿಯೊ ಹಾಕಿಕೊಂಡು ಕುಳಿತಿರುವ ಬೆಳೆಗಾರರನ್ನು ನೆನೆದುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. 2018 ಮತ್ತು 2019ರ ಆಗಸ್ಟ್ ತಿಂಗಳ ಮಳೆಯನ್ನು ನಿಮಗೆ ನೆನಪಿಸಬೇಕಾಗಿಲ್ಲ. ಅಂದು ಜರಿದ ಗುಡ್ಡದಲ್ಲಿ ಯಾವ ಗಿಡ ನೆಡಬೇಕೆಂದು ಇಂದಿಗೂ ಹಲವರು ನನ್ನನ್ನು ಕೇಳುತ್ತಾರೆ. ಕಾಡಂಚಿನ ಗುಡ್ಡವಾದರೆ ನನ್ನ ಉತ್ತರ ಒಂದೇ: ಏನನ್ನೂ ನೆಡಬೇಡಿ, ಹಾಗೆಯೇ ಬಿಡಿ.

ಮೂಡಿಗೆರೆ ತಾಲ್ಲೂಕಿನ ತೋಟವೊಂದರ ನೆತ್ತಿಯಲ್ಲಿ 2019ರಲ್ಲಿ ಜರಿದ ಒಂದು ಗುಡ್ಡವಿದೆ. ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಅದನ್ನು ನೋಡಲು ಹೋಗುತ್ತೇನೆ. ಮೊದಲ ಸಲ ಹೋದಾಗ ಬರಿಯ ಕೆಮ್ಮಣ್ಣು ಮತ್ತು ಬಂಡೆ. ಇಲ್ಲಿ ಇನ್ನು ಹುಲ್ಲೂ ಹುಟ್ಟುವುದಿಲ್ಲವೆಂದು ತೋಟದ ಹಿರಿಯರು ನಿಟ್ಟುಸಿರು ಬಿಟ್ಟರು. ಆದರೆ ಆ ಕೆಮ್ಮಣ್ಣಿನ ನಡುವೆ ಎತ್ತಿನ ಗಾಡಿಯಷ್ಟು ದೊಡ್ಡದಾದ ಒಂದು ಮಣ್ಣಿನ ಹೆಂಟೆ, ಮೇಲಿನ ಕಾಡಿನಿಂದ ಬೇರು, ಜರಿಗಿಡ, ತರಗೆಲೆಗಳ ಸಮೇತ ಇಡಿಯಾಗಿ ಜಾರಿ ಬಂದು ಕುಳಿತಿತ್ತು. ಎರಡನೆಯ ವರ್ಷ ಜರಿಗಿಡಗಳು ಅಲ್ಲಿಂದಲೇ ಸುತ್ತಲೂ ಹಬ್ಬಿದ್ದವು. ಪಕ್ಕದಲ್ಲಿ ವಾಲಿಕೊಂಡಿದ್ದ ಒಂದು ಒಣಮರವನ್ನು ಹಿರಿಯರು ಸೌದೆಗೆ ಕಡಿಸಲು ಹೊರಟಿದ್ದರು. ನಾನು ಕೈ ಮುಗಿದು ತಡೆದೆ. ಮೂರನೆಯ ವರ್ಷ ಅದರ ಬುಡದ ಸುತ್ತ, ಯಾರೋ ಒಟ್ಲು ಪಾತಿ ಮಾಡಿದಂತೆ ಸಸಿಗಳು ಎದ್ದಿದ್ದವು! ಕಾಡಿನಲ್ಲಿ ಹಣ್ಣು ತಿಂದ ಪಿಕಳಾರಗಳು ಆ ಒಣಕೊಂಬೆಯ ಮೇಲೆ ಕುಳಿತು ಬೀಜ ಉದುರಿಸಿದ್ದವು. ಐದನೆಯ ವರ್ಷಕ್ಕೆ ಅಗಲ ಎಲೆಯ ಉಪ್ಪಳಿಗೆ ನನ್ನ ತಲೆ ಮೀರಿ ಬೆಳೆದಿತ್ತು, ಅದರ ನೆರಳಿನಲ್ಲಿ ನೇರಳೆಯ ಸಸಿಗಳಿದ್ದವು. ಪುನುಗಿನ ಬೆಕ್ಕು ಬಿತ್ತಿದ ಎರಡು ಕಾಫಿ ಗಿಡಗಳೂ ಇದ್ದವು, ಹಿರಿಯರಿಗೆ ಅದೇ ದೊಡ್ಡ ಸಂತೋಷ.

ಉಪ್ಪಳಿಗೆಯಂಥ ಮರಗಳು ಬಿಸಿಲನ್ನು ಬೇಡುವವು. ತಮ್ಮದೇ ನೆರಳಿನಲ್ಲಿ ಅವುಗಳ ಮರಿಗಳು ಏಳುವುದಿಲ್ಲ. ಆ ಜಾಗವನ್ನು ನೆರಳು ಬಯಸುವ ಮರಗಳು ಹಿಡಿಯುತ್ತವೆ. ಈ ಸರದಿಯನ್ನು ನಾವು ಅವಸರಪಡಿಸುವುದು ಬೇಡ. ನಾವಾದರೋ ಮರುವರ್ಷವೇ ಯಂತ್ರ ತಂದು, ಹೆಂಟೆ ಒಡೆದು, ಒಣಮರ ಎಳೆದುಹಾಕಿ, ಇನ್ನೂ ನೆಲೆ ನಿಲ್ಲದ ಮಣ್ಣಿನಲ್ಲಿ ಸಾಲಾಗಿ ಗುಂಡಿ ತೋಡಿ ಅಕೇಶಿಯ ನೆಡುತ್ತೇವೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು: ಹಾಗೆಯೇ ಬಿಡಿ.

ಬೇರೆ ದೇಶಗಳ ಕಥೆಯೂ ಇದೇ. 1883ರಲ್ಲಿ ಇಂಡೊನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದ ಮರುವರ್ಷ ಅಲ್ಲಿಗೆ ಹೋದವರಿಗೆ ಕಂಡ ಜೀವಿ ಒಂದು ಸಣ್ಣ ಜೇಡ ಮಾತ್ರ. ಐವತ್ತು ವರ್ಷಗಳೊಳಗೆ ಅಲ್ಲಿ ಕಾಡು ಬೆಳೆದಿತ್ತು. ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತ 1980ರಲ್ಲಿ ಸಿಡಿದಾಗ ಬಿದ್ದ ಬೂದಿಯಲ್ಲಿ ಮೊದಲು ನೆಲೆಯೂರಿದವುಗಳಲ್ಲಿ ನಮ್ಮ ಅವರೆ, ತೊಗರಿಯ ಕುಲದ, ಬೇರಿನಲ್ಲಿ ಸಾರಜನಕ ಹಿಡಿದಿಡುವ ಲೂಪಿನ್ ಗಿಡವೂ ಒಂದು.

ಮುಳ್ಳಯ್ಯನಗಿರಿಯ ಹುಲ್ಲುಗಾವಲಿನ ಬಗೆಗೂ ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತಿದೆ. ಇಷ್ಟು ಹೇಳುತ್ತೇನೆ: ಅದು ಮರ ಕಳೆದುಕೊಂಡ ಬೋಳುಗುಡ್ಡವಲ್ಲ, ಗುಡ್ಡದ ಮಡಿಲುಗಳಲ್ಲಿ ಒತ್ತಾಗಿ ಬೆಳೆಯುವ ಶೋಲಾ ಕಾಡಿನ ಜೊತೆಯಲ್ಲೇ ಬಾಳುವ ಹುಲ್ಲಿನ ನಾಡು. ಬೆಂಕಿ ಬಿದ್ದ ಬೇಸಿಗೆಯ ನಂತರ ಅಲ್ಲಿಗೆ ಸಸಿ ಹೊತ್ತು ಹೋಗಬೇಡಿ. ಮೊದಲ ಮಳೆಗೆ ಹುಲ್ಲು ತಾನೇ ಚಿಗುರುತ್ತದೆ. ನಿಮ್ಮ ತೋಟದ ಮೇಲೆ ಜರಿದ ಗುಡ್ಡವಿದ್ದರೆ, ಈ ಮಳೆಗಾಲ ಕಳೆದ ಮೇಲೆ ಒಮ್ಮೆ ಹತ್ತಿ ಹೋಗಿ, ಅಲ್ಲಿ ಉಳಿದಿರುವ ಒಣಮರದ ಬುಡವನ್ನು ಬಗ್ಗಿ ನೋಡಿ. ನಮಸ್ಕಾರ.