ಕಾರವಾರ 30, ಶಿರಸಿ 31: ಅವಿಭಾಜ್ಯ ಸಂಖ್ಯೆಗಳು ಎಲ್ಲಾದರೂ ಮುಗಿಯುತ್ತವಾ?

ನಮಸ್ಕಾರ. ಕುಮಟಾದಿಂದ ಹೈಸ್ಕೂಲ್ ಓದುವ ಹುಡುಗಿಯೊಬ್ಬಳು ಕೇಳಿದ್ದಾಳೆ: "ಸಂಖ್ಯೆ ದೊಡ್ಡದಾದಷ್ಟೂ ಅದನ್ನು ಭಾಗಿಸಬಹುದಾದ ಸಂಖ್ಯೆಗಳೂ ಜಾಸ್ತಿ ಸಿಗುತ್ತವೆ. ಹಾಗಾದರೆ ಅವಿಭಾಜ್ಯ ಸಂಖ್ಯೆಗಳು ಎಲ್ಲೋ ಒಂದು ಕಡೆ ಮುಗಿದು ಹೋಗಬೇಕಲ್ವಾ?"

ಎಂಥಾ ಚಂದದ ಪ್ರಶ್ನೆ! ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಗಾಡಿಗಳ ನಂಬರ್ ಪ್ಲೇಟಿನಲ್ಲೇ ಇದೆ. ಕಾರವಾರದ್ದು ಕೆಎ 30. ಘಟ್ಟ ಹತ್ತಿ ಶಿರಸಿಗೆ ಬಂದರೆ ಕೆಎ 31.

ಮೊದಲು ಪಾಠದ ಮಾತು, ಬೇಗ ಬೇಗ. 30 ಅಡಿಕೆ ತಗೊಂಡು ಸಮನಾದ ಸಾಲುಗಳಲ್ಲಿ ಜೋಡಿಸಿ. 2 ಸಾಲು, 3 ಸಾಲು, 5 ಸಾಲು, 6 ಸಾಲು, ಎಲ್ಲವೂ ಸರಿಯಾಗಿ ಕೂರುತ್ತವೆ. ಶೇಷ ಉಳಿಯದಂತೆ 30ನ್ನು ಭಾಗಿಸುವುದು 1, 2, 3, 5, 6, 10, 15, 30. ಇವು ಅದರ ಅಪವರ್ತನಗಳು. ಎರಡಕ್ಕಿಂತ ಜಾಸ್ತಿ ಅಪವರ್ತನ ಇದ್ದರೆ ಅದು ಸಂಯುಕ್ತ ಸಂಖ್ಯೆ. ಇನ್ನೊಂದು ಅಡಿಕೆ ಸೇರಿಸಿ, 31. ಈಗ ಒಂದೇ ಉದ್ದ ಸಾಲು, ಬೇರೆ ದಾರಿಯೇ ಇಲ್ಲ. ಅಪವರ್ತನ ಎರಡೇ: 1 ಮತ್ತು 31. ಇದು ಅವಿಭಾಜ್ಯ. 1ಕ್ಕೆ ಇರುವುದು ಒಂದೇ ಅಪವರ್ತನ, ಹಾಗಾಗಿ ಅದು ಎರಡೂ ಗುಂಪಿಗೆ ಸೇರುವುದಿಲ್ಲ.

ಈಗ ನನಗೆ ತುಂಬಾ ಇಷ್ಟದ ಭಾಗ.

[ಪರದೆ ಮೇಲೆ: 2 × 3 × 5 = 30, 30 + 1 = 31]

"ಅವಿಭಾಜ್ಯ ಅಂದರೆ 2, 3, 5 ಇಷ್ಟೇ, ಪಟ್ಟಿ ಮುಗೀತು" ಅಂತ ಯಾರೋ ಹಟ ಹಿಡಿದರು ಅಂದುಕೊಳ್ಳಿ. ಆ ಪಟ್ಟಿಯನ್ನೇ ಗುಣಿಸಿ, ಕಾರವಾರ ಬಂತು. ಒಂದು ಕೂಡಿಸಿ, ಶಿರಸಿ ಬಂತು. 31ನ್ನು 2ರಿಂದ ಭಾಗಿಸಿದರೆ ಶೇಷ 1. 3ರಿಂದಲೂ 1, 5ರಿಂದಲೂ 1. ಪಟ್ಟಿಯಲ್ಲಿರುವ ಯಾವುದೂ ಅದನ್ನು ಭಾಗಿಸಲಾರದು. ಆದರೆ 1ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಂಖ್ಯೆಯನ್ನೂ ಯಾವುದಾದರೊಂದು ಅವಿಭಾಜ್ಯ ಭಾಗಿಸಲೇಬೇಕು. ಅಂದರೆ ಪಟ್ಟಿಯ ಹೊರಗೆ ಇನ್ನೊಂದು ಇದೆ! ಪಟ್ಟಿ ಎಷ್ಟೇ ಉದ್ದ ಇರಲಿ, ಇದೇ ಮಾತು. ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೊಟ್ಟ ವಾದ ಇದು.

ಇಲ್ಲಿ ಒಂದು ಎಚ್ಚರ. ಹೀಗೆ ಸಿಕ್ಕಿದ ಸಂಖ್ಯೆ ತಾನೇ ಅವಿಭಾಜ್ಯ ಆಗಿರಬೇಕು ಅಂತೇನಿಲ್ಲ. ಪಟ್ಟಿಗೆ 7 ಸೇರಿಸಿದರೆ 211, ಅವಿಭಾಜ್ಯ. 11 ಸೇರಿಸಿದರೆ 2311, ಅದೂ ಅವಿಭಾಜ್ಯ. 13 ಸೇರಿಸಿ ನೋಡಿ.

[ಪರದೆ ಮೇಲೆ: 2 × 3 × 5 × 7 × 11 × 13 + 1 = 30031]

ಕಂಡಿತಾ? 30, ನಡುವೆ ಸೊನ್ನೆ, 31. ಇದನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ಮತ್ತೆ ಈ 30031 ಸಂಯುಕ್ತ ಸಂಖ್ಯೆ, 59 × 509. ಆದರೆ 59 ಆಗಲಿ 509 ಆಗಲಿ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಯೂಕ್ಲಿಡ್ ಮಾತು ಗಟ್ಟಿಯಾಗಿ ನಿಂತಿತು.

ಹಾಗಂತ ಆ ಹುಡುಗಿಯ ಊಹೆ ಸುಮ್ನೆ ಅಲ್ಲ. ಅವಿಭಾಜ್ಯಗಳು ಮುಗಿಯುವುದಿಲ್ಲ, ಆದರೆ ವಿರಳವಾಗುತ್ತಾ ಹೋಗುತ್ತವೆ. 100ರವರೆಗೆ 25 ಇವೆ, 1000ದವರೆಗೆ 168 ಮಾತ್ರ.

ಸಮಯ ಕಡಿಮೆ ಇದೆ, ಉಳಿದದ್ದು ಒಟ್ಟಿಗೆ. ದಾಂಡೇಲಿಯ 65 ಅಂದರೆ 5 × 13, ಸಂಯುಕ್ತ. ಹೊನ್ನಾವರದ 47ಕ್ಕೆ 2, 3, 5ರಿಂದ ಭಾಗಿಸಿ ನೋಡಿದರೆ ಸಾಕು. 7 × 7 ಆಗಲೇ 49, 47ನ್ನು ದಾಟಿತು. ಎರಡೂ ಅಪವರ್ತನ 7 ಅಥವಾ ಅದಕ್ಕಿಂತ ದೊಡ್ಡದಾಗಿರಲು ಜಾಗವೇ ಇಲ್ಲ. ಹಾಗಾಗಿ 47 ಅವಿಭಾಜ್ಯ. ನಿಮ್ಮ ಗಾಡಿಯ ಕೊನೆಯ ನಾಲ್ಕು ಅಂಕಿಗೂ ಇದೇ ಕ್ರಮ. 100ರ ಒಳಗಿನ ಆ 25 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋಗಿ. ಅವುಗಳ ಮುಂದಿನ ಅವಿಭಾಜ್ಯ 101, ಅದರ ವರ್ಗ 10201. ನಾಲ್ಕು ಅಂಕಿಯ ಯಾವ ನಂಬರೂ ಅಲ್ಲಿಗೆ ತಲುಪುವುದಿಲ್ಲ.