ಹೊಲಿಗೆ ಬಿಚ್ಚಿದ ಮೇಲೆ

ಕೇಳುಗರಿಗೆ ನಮಸ್ಕಾರ. ಚರ್ಮದ ಕ್ಯಾನ್ಸರಿಗೆ ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಗಾಯ ಮಾಯಿತು. ಮಲ್ಪೆಯವರು ಮತ್ತೆ ಬೋಟು ಹತ್ತಿದರು, ಅಡಿಕೆಯವರು ತೋಟಕ್ಕೆ ಇಳಿದರು. ತೆಗೆದ ತುಂಡನ್ನು ಲ್ಯಾಬಿನಲ್ಲಿ ನೋಡಿ ಬರೆದ ಬಯಾಪ್ಸಿ ವರದಿ ಮಾತ್ರ ಆಸ್ಪತ್ರೆಯಲ್ಲೇ ಉಳಿಯಿತು. ದಯವಿಟ್ಟು ಅದನ್ನು ಕೇಳಿ ಪಡೆಯಿರಿ. ಅದರಲ್ಲಿ ‘ಮಾರ್ಜಿನ್’ ಎಂಬ ಸಾಲು ಎಲ್ಲಿದೆ ನೋಡಿ.

ಮಾರ್ಜಿನ್ ಎಂದರೆ ಕೊಯ್ದು ತೆಗೆದ ತುಂಡಿನ ಅಂಚು. ಗಡ್ಡೆಯ ಜೊತೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ತೆಗೆಯುತ್ತಾರೆ. ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆ: ಬೇಸಲ್ ಸೆಲ್, ಸ್ಕ್ವಾಮಸ್ ಸೆಲ್, ಮೆಲನೋಮಾ. ಸಣ್ಣ ಬೇಸಲ್ ಸೆಲ್ ಕ್ಯಾನ್ಸರಿಗೆ ಸುಮಾರು 4 ಮಿಲಿಮೀಟರ್, ಸ್ಕ್ವಾಮಸ್ ಸೆಲ್‌ಗೆ 4ರಿಂದ 6, ಮೆಲನೋಮಾಕ್ಕೆ ಅದರ ಆಳ ನೋಡಿ 1ರಿಂದ 2 ಸೆಂಟಿಮೀಟರ್. ಆ ಅಂಚಿನಲ್ಲೂ ಕ್ಯಾನ್ಸರ್ ಕೋಶ ಕಂಡರೆ ಒಳಗೆ ಉಳಿದಿದೆ ಎಂದೇ ಲೆಕ್ಕ. ಮತ್ತೆ ಕೊಯ್ಯಬೇಕು, ಆಗದಿದ್ದರೆ ರೇಡಿಯೇಷನ್. ‘ಮೇಲೆ ಚೆನ್ನಾಗಿ ಒಣಗಿದೆಯಲ್ಲ ಡಾಕ್ಟ್ರೇ’ ಎನ್ನುತ್ತೀರಿ. ಒಣಗಿದ್ದು ಮೇಲಿನ ಚರ್ಮ ಮಾತ್ರ.

ಅಂಚು ಸ್ವಚ್ಛ ಎಂದು ಬರೆದಿದ್ದರೂ ಕೆಲವರಿಗೆ ಯಾಕೆ ಮರುಕಳಿಸುತ್ತದೆ? ಲ್ಯಾಬಿನಲ್ಲಿ ತುಂಡನ್ನು ಬ್ರೆಡ್ಡಿನ ಹಾಗೆ ಹೋಳು ಮಾಡಿ ನೋಡುತ್ತಾರೆ. ಹೋಳು ಹೋಳಿನ ನಡುವಿನ ಅಂಚು ಕಣ್ಣಿಗೆ ಬೀಳುವುದೇ ಇಲ್ಲ. ನೂರರಲ್ಲಿ ಒಂದು ಭಾಗದಷ್ಟೂ ನೋಡಿದಂತಾಗುವುದಿಲ್ಲ.

ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಫ್ರೆಡರಿಕ್ ಮೋಸ್. 1930ರ ದಶಕ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿ. ಇಲಿಗಳ ಗಡ್ಡೆಗೆ ಒಂದೊಂದೇ ರಾಸಾಯನಿಕ ಚುಚ್ಚಿ ನೋಡುತ್ತಿದ್ದರು. ಸತುವಿನ ಕ್ಲೋರೈಡ್ ಚುಚ್ಚಿದಾಗ ಮಾಂಸ ಸತ್ತಿತು, ಆದರೆ ಸೂಕ್ಷ್ಮದರ್ಶಕದಲ್ಲಿ ಕೋಶಗಳ ರೂಪ ಇದ್ದ ಹಾಗೇ ಇತ್ತು! ಬೇರೆಯವರಾಗಿದ್ದರೆ ಬರೆದಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಮೋಸ್ ಅದನ್ನೇ ಲೇಪ ಮಾಡಿದರು. ರೋಗಿಯ ಗಡ್ಡೆಗೆ ಹಚ್ಚುವುದು, ಮರುದಿನ ತೆಳ್ಳಗೆ ಒಂದು ಬಿಲ್ಲೆ ತೆಗೆಯುವುದು, ಅದರ ಅಡಿಭಾಗವನ್ನೂ ಅಂಚನ್ನೂ ಪೂರ್ತಿ ನೋಡುವುದು, ಕ್ಯಾನ್ಸರ್ ಎಲ್ಲಿ ಉಳಿದಿದೆಯೋ ನಕ್ಷೆಯಲ್ಲಿ ಗುರುತಿಸಿ ಅಲ್ಲಿಗೆ ಮಾತ್ರ ಮತ್ತೆ ಹಚ್ಚುವುದು. 1941ರಲ್ಲಿ ಪ್ರಕಟಿಸಿದರು. ಈಗ ಲೇಪ ಇಲ್ಲ, ತುಂಡನ್ನು ಹೆಪ್ಪುಗಟ್ಟಿಸಿ ಅದೇ ದಿನ ನೋಡುತ್ತಾರೆ. ಮೂಗು, ಕಣ್ಣಿನ ರೆಪ್ಪೆ, ಕಿವಿಯ ಬೇಸಲ್ ಸೆಲ್‌ಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಮೊದಲ ಸಲದ ಗಡ್ಡೆ ಐದು ವರ್ಷದಲ್ಲಿ ಮರುಕಳಿಸುವುದು ನೂರಕ್ಕೆ ಒಬ್ಬರಲ್ಲಿ, ಅಷ್ಟೆ. ಲೇಪ ಎಂದ ಕೂಡಲೇ ಮನೆಯಲ್ಲಿ ಎಂತದಾದರೂ ಅರೆದು ಹಚ್ಚಬೇಡಿ ಮಾರಾಯ್ರೆ. ಮೇಲೆ ಚರ್ಮ ಕೂಡಿಕೊಂಡು ಅಡಿಯಲ್ಲಿ ಗಡ್ಡೆ ಬೆಳೆಯುತ್ತದೆ.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಸ್ಕ್ವಾಮಸ್ ಸೆಲ್ ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ. ಆ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಿ. ತಿಂಗಳಿಗೊಮ್ಮೆ ಸ್ನಾನ ಮಾಡುವಾಗ ಕಲೆಯ ಮೇಲೆ ಬೆರಳಾಡಿಸಿ: ಗಟ್ಟಿ ಗಂಟು, ಮಾಯದ ಹುಣ್ಣು, ಸುಮ್ಮನೆ ಬರುವ ರಕ್ತ, ಹೊಸ ಕಪ್ಪು ಚುಕ್ಕೆ, ಜೋಮು. ಮುಖದ ಗಾಯವಾದರೆ ಕಿವಿಯ ಮುಂದೆ ಮತ್ತು ಕುತ್ತಿಗೆ, ಕೈಯದ್ದಾದರೆ ಕಂಕುಳು, ಕಾಲಿನದಾದರೆ ತೊಡೆಸಂದು, ಗಂಟು ಇದೆಯೇ ಎಂದು ಒತ್ತಿ ನೋಡಿ. ಮೆಲನೋಮಾ ನಮ್ಮವರಿಗೆ ಅಂಗಾಲಿನಲ್ಲೇ ಹೆಚ್ಚು, ಆಣಿ ಎಂದು ಬ್ಲೇಡಿನಿಂದ ಕೆರೆಯಬೇಡಿ. ಬಿಸಿಲಿಗೆ ಹಾಕುವ ಹಾಳೆಯ ಟೋಪಿ, ಮುಟ್ಟಾಳೆ, ತಲೆ ಮುಚ್ಚುತ್ತದೆ, ಕಿವಿ ಮೂಗು ಮುಚ್ಚುವುದಿಲ್ಲ.

ಮತ್ತೆ ವರದಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಮಳೆಗಾಲಕ್ಕೆ ಒದ್ದೆಯಾಗುತ್ತದೆ. ಬೇರೆ ಡಾಕ್ಟರ ಹತ್ತಿರ ಹೋಗುವುದಾದರೆ ನಿಮ್ಮ ತುಂಡಿನ ಹೋಳು ಅಂಟಿಸಿದ ಗಾಜಿನ ಸ್ಲೈಡನ್ನೂ ಉಳಿದ ತುಂಡು ಇರುವ ಮೇಣದ ಬ್ಲಾಕನ್ನೂ ಲ್ಯಾಬಿನಲ್ಲಿ ಕೇಳಿ, ಸಹಿ ಹಾಕಿಸಿಕೊಂಡು ಕೊಡುತ್ತಾರೆ.