ಮನೆ ಹತ್ತಿರವೇ ಇದೆ, ಆದರೂ ಈ ರಾತ್ರಿ ಇಲ್ಲೇ

ಈ ವಿಡಿಯೊದಲ್ಲಿ ಬೆಟ್ಟ ಇಲ್ಲ, ಸಮುದ್ರ ಇಲ್ಲ. ಡ್ರೋನ್ ಶಾಟ್ ಅಂತೂ ಇಲ್ಲವೇ ಇಲ್ಲ. ಡ್ರೋನ್ ಡಿಕ್ಕಿಯಲ್ಲಿದೆ, ಒಗೆಯದ ಬಟ್ಟೆಗಳ ಕೆಳಗೆ ಎಲ್ಲೋ. ಅದನ್ನು ಹುಡುಕಿ ತೆಗೆಯುವ ಉತ್ಸಾಹ ಯಾವತ್ತೋ ಮುಗಿದಿದೆ.

ಇದು ಕಾರಿನಲ್ಲಿ ಹೋದ ಉದ್ದನೆಯ ಪ್ರವಾಸದಿಂದ ವಾಪಸ್ ಬರುವ ದಾರಿಯ ವಿಡಿಯೊ. ಹೋಗುವ ದಾರಿಯದ್ದು ಎಲ್ಲರೂ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಬರುವ ದಾರಿಯನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಯಾಕೆ ಅಂತ ಎಡಿಟ್ ಮಾಡಲು ಕೂತಾಗ ಗೊತ್ತಾಯಿತು. ತೋರಿಸಲು ಕ್ಲಿಪ್‌ಗಳೇ ಇಲ್ಲ! ಮೊದಮೊದಲು ರಸ್ತೆ ಬದಿಯ ಮೈಲಿಗಲ್ಲನ್ನೂ ಬಿಡದೆ ಶೂಟ್ ಮಾಡಿದ್ದೆ. ಕೊನೆಯ ದಿನಗಳಲ್ಲಿ ಸಿಕ್ಕಿದ್ದೆಲ್ಲ ಡ್ಯಾಶ್‌ಕ್ಯಾಮ್ ತಾನಾಗಿಯೇ ಹಿಡಿದದ್ದು. ಈಗ ನೀವು ನೋಡುತ್ತಿರುವುದೂ ಅದನ್ನೇ. ಗಾಜಿನ ಮೇಲೆ ಅಂಟಿದ ಹುಳುಗಳ ಕಲೆ, ಅದರಾಚೆ ರಸ್ತೆ.

ವಾಪಸ್ ಬರುವ ದಾರಿ ಬೇಗ ಮುಗಿದಂತೆ ಅನ್ನಿಸುತ್ತದೆ ಅಂತಾರಲ್ವಾ? ಇದರ ಬಗ್ಗೆ ಸಂಶೋಧನೆಯೇ ಆಗಿದೆ. 2011ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪರೀಕ್ಷೆ ಮಾಡಿ ನೋಡಿದರು. ದೂರ ಅಷ್ಟೇ ಇದ್ದರೂ ಬರುವ ದಾರಿ ಜನರಿಗೆ ಸುಮಾರು ಶೇ 22ರಷ್ಟು ಕಡಿಮೆ ಅನ್ನಿಸಿತ್ತು. ಬೇರೆ ದಾರಿಯಲ್ಲಿ ವಾಪಸ್ ಬಂದವರಿಗೂ ಹಾಗೇ ಆಗಿತ್ತು. ಅಂದರೆ ಗೊತ್ತಿರುವ ದಾರಿ ಅನ್ನುವುದು ಕಾರಣವಲ್ಲ. ಹೋಗುವಾಗ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ಹಾಗಾಗಿ ಬರುವಾಗ ಮನಸ್ಸು ಮೊದಲೇ ದೊಡ್ಡ ಲೆಕ್ಕ ಹಾಕಿಕೊಂಡಿರುತ್ತದೆ. ಅಷ್ಟು ಹೊತ್ತು ಆಗದೇ ಇದ್ದಾಗ "ಅಯ್ಯೋ, ಇಷ್ಟೇನಾ" ಅನ್ನಿಸುತ್ತದೆ.

ನನಗೆ ಆದದ್ದು ತದ್ವಿರುದ್ಧ. ಕಾರಣವೂ ಅದೇ ಲೆಕ್ಕದಲ್ಲೇ ಇದೆ ಅಂತ ನನ್ನ ಅನಿಸಿಕೆ. ಗಾಡಿಯನ್ನು ಮನೆ ಕಡೆ ತಿರುಗಿಸಿದ ಕ್ಷಣವೇ ಮನಸ್ಸು ಪ್ರವಾಸ ಮುಗಿಯಿತು ಅಂತ ತೀರ್ಮಾನಿಸಿಬಿಟ್ಟಿತು. ರಸ್ತೆ ಇನ್ನೂ ರಾಶಿ ಉಳಿದಿತ್ತು. ಮುಗಿದುಹೋದ ಪ್ರವಾಸವನ್ನು ದಿನಗಟ್ಟಲೆ ಓಡಿಸಬೇಕು ಅಂದರೆ ಹೇಗಿರುತ್ತದೆ ಹೇಳಿ. ಪ್ರತಿ ಕಿಲೋಮೀಟರೂ ಬಾಕಿ ಕೆಲಸದಂತೆ ಕಾಣಿಸುತ್ತದೆ.

ಒಬ್ಬರೇ ಹೋದಾಗ ಇನ್ನೊಂದು ಆಗುತ್ತದೆ. ಮಾತು ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ಇಡೀ ದಿನ ನನ್ನ ಬಾಯಿಂದ ಹೊರಟದ್ದು "ಫುಲ್ ಟ್ಯಾಂಕ್ ಮಾಡಿ", "ರೂಮ್ ಇದೆಯಾ", ಅಷ್ಟೇ. ಸಂಜೆ ಕ್ಯಾಮೆರಾ ಆನ್ ಮಾಡಿ ಮಾತಾಡೋಣ ಅಂತ ನೋಡಿದರೆ ಗಂಟಲು ಕಟ್ಟಿದೆ. ಆ ಕ್ಲಿಪ್ ಡಿಲೀಟ್ ಮಾಡಿದೆ, ಅದು ನಿಮ್ಮ ಪುಣ್ಯ. ಹಾಡುಗಳೂ ಸಾಕಾಗಿದ್ದವು. ಯಾವ ಹಾಡಾದ ಮೇಲೆ ಯಾವುದು ಬರುತ್ತದೆ ಅಂತ ಬಾಯಿಪಾಠವಾಗಿತ್ತು. ಕೊನೆಗೆ ಎಲ್ಲ ಆಫ್. ಟೈರಿನ ಸದ್ದು, ಡಿಕ್ಕಿಯಲ್ಲಿ ಎಲ್ಲೋ ಅಲ್ಲಾಡುವ ಟ್ರೈಪಾಡಿನ ಟಕ್ ಟಕ್. ಅದನ್ನೂ ನಿಲ್ಲಿಸಿ ಸರಿಮಾಡಲಿಲ್ಲ. ಅಷ್ಟು ಸೋಮಾರಿತನ.

ಸುಮ್ನೆ ಕೂತು ಓಡಿಸುವುದಕ್ಕೆ ಇಷ್ಟೊಂದು ಸುಸ್ತು ಯಾಕೆ ಅಂತ ಕೇಳುವವರಿದ್ದಾರೆ. ನಾನೂ ಮೊದಲು ಕೇಳುತ್ತಿದ್ದೆ. ಆದರೆ ಕೈ, ಕಾಲು, ಕಣ್ಣು ಮೂರೂ ಸಣ್ಣಸಣ್ಣ ಕೆಲಸ ಮಾಡುತ್ತಲೇ ಇರುತ್ತವೆ. ಸ್ಟೀರಿಂಗ್ ಇಷ್ಟೇ ಇಷ್ಟು ತಿರುಗಿಸುವುದು, ಕನ್ನಡಿ ನೋಡುವುದು, ಮುಂದಿನ ಲಾರಿ ಏನು ಮಾಡುತ್ತದೆ ಅಂತ ಊಹಿಸುವುದು. ಒಂದೊಂದೂ ಏನೇನೂ ಅಲ್ಲ. ಆದರೆ ಬಿಡುವೇ ಇಲ್ಲ. ಕೊನೆಯ ದಿನಗಳ ಹೊತ್ತಿಗೆ ನನ್ನ ಬಲಗಾಲಿನ ಹಿಮ್ಮಡಿ ಬೇರೆ ಯಾರದ್ದೋ ಕಾಲಿನದು ಅನ್ನಿಸುತ್ತಿತ್ತು. ಕಿಟಕಿ ಕಡೆಯ ತೋಳು ಇನ್ನೊಂದು ತೋಳಿಗಿಂತ ಎರಡು ಬಣ್ಣ ಕಪ್ಪು. ಸೊಂಟದ ಬಗ್ಗೆ ಹೇಳುವುದೇ ಬೇಡ.

"ರಾತ್ರಿ ಚೆನ್ನಾಗಿ ಮಲಗಿದರೆ ಆಯ್ತಪ್ಪಾ" ಅನ್ನಬಹುದು. ಸಮಸ್ಯೆ ಇರುವುದೇ ಅಲ್ಲಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿ ಬರುವುದಿಲ್ಲ ಅಂತ ನಮಗೆಲ್ಲ ಗೊತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಮಲಗಿದವರ ಮೆದುಳನ್ನು ಗಮನಿಸಿ ಇದಕ್ಕೆ ಒಂದು ಕಾರಣ ಕಂಡುಕೊಂಡರು. 2016ರಲ್ಲಿ ಅದು ಪ್ರಕಟವಾಯಿತು. ಹೊಸ ಜಾಗದ ಮೊದಲ ರಾತ್ರಿ ಮೆದುಳಿನ ಒಂದು ಭಾಗ, ಎಡಗಡೆಯದು, ಇನ್ನೊಂದರಷ್ಟು ಗಾಢವಾಗಿ ಮಲಗುವುದಿಲ್ಲವಂತೆ. ಅರ್ಧ ಮೆದುಳು ಕಾವಲು ಕಾಯುತ್ತಿರುತ್ತದೆ. ಸಣ್ಣ ಸದ್ದಾದರೂ ಎಚ್ಚರ. ಅವರು ಇನ್ನೊಮ್ಮೆ ಅಲ್ಲೇ ಮಲಗಿಸಿದಾಗ ಆ ವ್ಯತ್ಯಾಸ ಹೋಗಿತ್ತು.

ಈಗ ಯೋಚನೆ ಮಾಡಿ. ಇಂಥ ಪ್ರವಾಸದಲ್ಲಿ ಎರಡನೆಯ ರಾತ್ರಿ ಅನ್ನುವುದೇ ಇಲ್ಲ. ಪ್ರತಿ ರಾತ್ರಿಯೂ ಮೊದಲ ರಾತ್ರಿ! ಬೇರೆ ದಿಂಬು, ಬೇರೆ ಫ್ಯಾನಿನ ಸದ್ದು, ಬಾತ್‌ರೂಮಿನ ಸ್ವಿಚ್ ಯಾವ ಗೋಡೆಯಲ್ಲಿದೆ ಅಂತ ತಡಕಾಟ. ಬೆಳಿಗ್ಗೆ ಎದ್ದಾಗ ಯಾವ ಊರು ಅಂತ ನೆನಪಾಗಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಹೀಗೆ ದಿನಾ ಸ್ವಲ್ಪ ಸ್ವಲ್ಪ ನಿದ್ದೆ ಖೋತಾ ಆದರೆ ಏನಾಗುತ್ತದೆ? ಇದು ನನಗೆ ನಿಜಕ್ಕೂ ಭಯ ಹುಟ್ಟಿಸಿದ ವಿಷಯ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಒಂದು ಅಧ್ಯಯನ ಇದೆ. ಕೆಲವರಿಗೆ ಎರಡು ವಾರ ದಿನಕ್ಕೆ 6 ಗಂಟೆ ಮಾತ್ರ ಮಲಗಲು ಬಿಟ್ಟರು. ಕೊನೆಗೆ ಅವರ ಗಮನಶಕ್ತಿ ಎಷ್ಟು ಕುಸಿದಿತ್ತು ಅಂದರೆ, ಒಂದೆರಡು ರಾತ್ರಿ ಒಂದಿಷ್ಟೂ ಮಲಗದವರ ಮಟ್ಟಕ್ಕೆ ಬಂದಿದ್ದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಸ್ವಲ್ಪ ಸುಸ್ತಿದೆ, ಅಷ್ಟೇ, ಅಂದುಕೊಂಡಿದ್ದರು. ನಮ್ಮ ಸುಸ್ತಿನ ಬಗ್ಗೆ ನಾವೇ ಕೊಡುವ ಸಾಕ್ಷಿ ನಂಬುವ ಹಾಗಿಲ್ಲ.

ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದರೆ "ಏಯ್, ಕಣ್ಣು ಮುಚ್ತಿದೆ, ನಿಲ್ಸು" ಅನ್ನುತ್ತಾರೆ. ನನ್ನ ಪಕ್ಕದ ಸೀಟಿನಲ್ಲಿದ್ದದ್ದು ಖಾಲಿ ನೀರಿನ ಬಾಟಲಿಗಳು.

ಈ ಕ್ಲಿಪ್ ಮಧ್ಯಾಹ್ನ ಸುಮಾರು ಮೂರು ಗಂಟೆಯದು. ನೇರ ರಸ್ತೆ, ಬಿಸಿಲು, ಏನೂ ನಡೆಯುತ್ತಿಲ್ಲ. ಮಧ್ಯಾಹ್ನ 2ರಿಂದ 4 ಮತ್ತು ನಡುರಾತ್ರಿ 2ರಿಂದ ಬೆಳಗಿನ 6, ಈ ಎರಡು ಹೊತ್ತಿನಲ್ಲಿ ದೇಹವೇ ಮಂಪರಿಗೆ ಇಳಿಯುತ್ತದೆ. ಊಟ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇಂಥ ಹೊತ್ತಿನಲ್ಲೇ ಕಣ್ಣು ತೆರೆದಿದ್ದರೂ ಮೆದುಳು ಕೆಲವು ಸೆಕೆಂಡ್ ಮಲಗಿಬಿಡಬಹುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಹತ್ತಿರಹತ್ತಿರ 28 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡ್ ಅಂದರೆ 110 ಮೀಟರ್ ದಾಟಿತು. ಅಷ್ಟು ದೂರ ಆ ಗಾಡಿಗೆ ಡ್ರೈವರೇ ಇಲ್ಲ.

ಕಿಟಕಿ ಇಳಿಸಿ, ಹಾಡು ಜೋರಾಗಿ ಹಾಕಿ ಅಂತ ತುಂಬಾ ಜನ ಸಲಹೆ ಕೊಡುತ್ತಾರೆ. ಇಂಗ್ಲೆಂಡಿನ ಲಫ್ಬರೊ ವಿಶ್ವವಿದ್ಯಾಲಯದಲ್ಲಿ ಜನರನ್ನು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ, ಅಂದರೆ ರಸ್ತೆಯಲ್ಲಿ ಓಡಿಸಿದ ಅನುಭವ ಕೊಡುವ ಯಂತ್ರದಲ್ಲಿ, ಕೂರಿಸಿ ಇದನ್ನು ಪರೀಕ್ಷೆ ಮಾಡಿದ್ದಾರೆ. ತಣ್ಣನೆ ಗಾಳಿ, ರೇಡಿಯೊ ಎರಡರಿಂದಲೂ ಹೆಚ್ಚೇನೂ ಉಪಯೋಗವಾಗಲಿಲ್ಲ. ಆದರೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ನನಗೆ ಅದೇ ಅಪಾಯ ಅನ್ನಿಸುತ್ತದೆ. ಎಚ್ಚರವಾದೆ ಅಂದುಕೊಂಡು ಇನ್ನೂ ಅರ್ಧ ಗಂಟೆ ಎಳೆಯುತ್ತೇವೆ.

ಕೆಲಸ ಮಾಡುವುದು ಎರಡೇ: ಕಾಫಿ ಮತ್ತು ನಿದ್ದೆ, ಅದೂ ಒಟ್ಟಿಗೆ. ಇದು ಕೇಳಲು ತಮಾಷೆ. ಕಾಫಿ ಕುಡಿದು ಕೂಡಲೇ ಸೀಟು ಹಿಂದಕ್ಕೆ ಬಾಗಿಸಿ ಮಲಗಬೇಕು. ಕೆಫೀನ್ ರಕ್ತಕ್ಕೆ ಸೇರಿ ಕೆಲಸ ಶುರು ಮಾಡಲು 20ರಿಂದ 30 ನಿಮಿಷ ಬೇಕು. ಅಷ್ಟರಲ್ಲಿ 15-20 ನಿಮಿಷದ ಒಂದು ಕೋಳಿನಿದ್ದೆ ಮುಗಿದಿರುತ್ತದೆ. ಅದಕ್ಕಿಂತ ಜಾಸ್ತಿ ಮಲಗಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಇನ್ನೂ ಭಾರ. ಆದ್ದರಿಂದ ಅಲಾರಂ ಇಡಲೇಬೇಕು. ನಿದ್ದೆ ಪೂರ್ತಿ ಬರದೆ ಬರೀ ಮಂಪರು ಬಂದರೂ ಲಾಭವೇ. ನಾನು ದಿನಾ ಮಧ್ಯಾಹ್ನ ಇದನ್ನು ಮಾಡುತ್ತಿದ್ದೆ. ಜನ ಓಡಾಡುವ, ಬೆಳಕಿರುವ ಜಾಗ ನೋಡಿ, ಬಾಗಿಲು ಲಾಕ್ ಮಾಡಿಕೊಂಡು. ಪಕ್ಕದ ಕಾರಿನ ಮಗುವೊಂದು ಕಿಟಕಿಗೆ ಮೂಗು ಒತ್ತಿ ನನ್ನನ್ನೇ ನೋಡುತ್ತಿದ್ದದ್ದು ಡ್ಯಾಶ್‌ಕ್ಯಾಮಿನಲ್ಲಿ ಇಲ್ಲ, ಬೇಜಾರು.

ಯುರೋಪಿಯನ್ ಒಕ್ಕೂಟದಲ್ಲಿ ಲಾರಿ ಡ್ರೈವರುಗಳಿಗೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಾತ್ರ. ಹೊಟ್ಟೆಪಾಡಿಗಾಗಿ ಓಡಿಸುವವರಿಗೇ ಈ ಮಿತಿ. ನಮ್ಮಂಥವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ, ನಾವೇ ಗೆರೆ ಹಾಕಿಕೊಳ್ಳಬೇಕು.

ಹಾಗೆ ಗೆರೆ ಹಾಕಿಕೊಂಡದ್ದರಿಂದಲೇ ಕೊನೆಯ ಸಂಜೆಯ ಕಥೆ. ಹೊತ್ತು ಮುಳುಗುತ್ತಿತ್ತು. ಮ್ಯಾಪಿನಲ್ಲಿ ಮನೆಗೆ ಇನ್ನು ಐದು ಗಂಟೆ ಚಿಲ್ಲರೆ ಅಂತ ಬಂತು. ಹನ್ನೆರಡು ಹೊಡೆಯುವಷ್ಟರಲ್ಲಿ ನನ್ನ ಹಾಸಿಗೆ, ನನ್ನ ದಿಂಬು! ಅಷ್ಟು ದೂರ ಹೋಗಿ ಬಂದವರಿಗೆ ಐದು ಗಂಟೆ ಯಾವ ಮಹಾ? ಆ ಯೋಚನೆ ಬಂದ ಮೇಲೆ ಸುಸ್ತು ಎಲ್ಲಿ ಹೋಯಿತೋ ಗೊತ್ತಿಲ್ಲ. ಕೈಕಾಲು ಹಗುರ. ವೇಗವೂ ತಾನಾಗಿ ಏರಿತ್ತು.

ಆಗಲೇ ನನಗೆ ಅನುಮಾನ ಬಂದದ್ದು. ಮಧ್ಯಾಹ್ನದಿಂದ ಇಲ್ಲದ ಚೈತನ್ಯ ಈಗ ಎಲ್ಲಿಂದ ಬಂತು? ದೇಹಕ್ಕೇನೂ ವಿಶ್ರಾಂತಿ ಸಿಕ್ಕಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದವರಿಗೆ ರಾತ್ರಿ ಹತ್ತಕ್ಕೆ 17 ಗಂಟೆ ಎಚ್ಚರ ಇದ್ದಂತಾಗುತ್ತದೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ ಹಾಗೆ, ಅಷ್ಟು ಹೊತ್ತು ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ಎಷ್ಟೋ ದೇಶಗಳಲ್ಲಿ ಡ್ರೈವರುಗಳಿಗೆ ಕಾನೂನಿನ ಮಿತಿಯೇ ಅದು. ವಿಮಾನ ಅಪಘಾತದ ತನಿಖೆಗಳಲ್ಲಿ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ. ತಲುಪಬೇಕಾದ ಜಾಗ ಹತ್ತಿರವಾದಷ್ಟೂ, ನಿಲ್ಲಿಸು ಅಂತ ಹೇಳುವ ಸೂಚನೆಗಳು ಪೈಲಟ್ಟಿಗೆ ಕಾಣಿಸುವುದಿಲ್ಲ.

ಮನೆಗೆ ಫೋನ್ ಮಾಡಿದೆ.

"ಇಷ್ಟು ಹತ್ರ ಬಂದು ಅಲ್ಯಾಕೆ ಉಳ್ಕೋತೀಯ? ಬಂದ್ಬಿಡು," ಅಂದರು ಅಮ್ಮ.

ಹಿಂದಿನಿಂದ ಅಪ್ಪನ ದನಿ: "ಅಲ್ಲೇ ಮಲಗಿ ಬೆಳಿಗ್ಗೆ ಬರ್ಲಿ ಬಿಡೇ. ಮನೆ ಏನು ಓಡಿಹೋಗುತ್ತಾ?"

ಅಮ್ಮ ಒಪ್ಪಲಿಲ್ಲ, ಆದರೆ ಫೋನ್ ಇಟ್ಟರು. ನಾನು ಮುಂದೆ ಸಿಕ್ಕ ರೂಮಿನಲ್ಲಿ ಉಳಿದೆ. ನಿಜ ಹೇಳಬೇಕೆಂದರೆ ಆ ರೂಮು ಇಡೀ ಪ್ರವಾಸದಲ್ಲೇ ಅತಿ ಕೆಟ್ಟದ್ದು. ಬಾಗಿಲಿನ ಚಿಲಕ ಬೀಳುತ್ತಿರಲಿಲ್ಲ. ಕುರ್ಚಿ ಅಡ್ಡ ಇಟ್ಟು ಮಲಗಿದೆ. ಅರ್ಧ ಮೆದುಳು ಕಾವಲಿಗಿದ್ದರೆ ಇರಲಿ ಅಂದುಕೊಂಡೆ. ಒಂಬತ್ತಕ್ಕೆ ಕಣ್ಣು ಮುಚ್ಚಿದ್ದು, ಎಚ್ಚರವಾದಾಗ ಬೆಳಕು ಹರಿದಿತ್ತು.

ಬೆಳಿಗ್ಗೆ ಹೊರಡುವ ಮೊದಲು ಟೈರುಗಳ ಗಾಳಿ ನೋಡಿದೆ. ಟೈರು ತಣ್ಣಗಿರುವಾಗಲೇ ನೋಡಬೇಕು. ಓಡಿ ಬಿಸಿಯಾದ ಮೇಲೆ ಒತ್ತಡ ಏರಿ, ಕಮ್ಮಿ ಇದ್ದರೂ ಸರಿ ಇರುವ ಹಾಗೆ ತೋರಿಸುತ್ತದೆ. ಹಿಂದಿನ ಒಂದು ಟೈರಿನಲ್ಲಿ ಚೆನ್ನಾಗಿಯೇ ಇಳಿದಿತ್ತು. ರಾತ್ರಿಯ ಕತ್ತಲಲ್ಲಿ ಅದನ್ನು ಯಾರು ನೋಡುತ್ತಿದ್ದರು?

ಆ ಕೊನೆಯ ಐದು ಗಂಟೆ ಚಿಲ್ಲರೆ ಬಗ್ಗೆ ಹೇಳಲು ಏನೂ ಇಲ್ಲ. ಹೆದ್ದಾರಿಯಿಂದ ಇಳಿದ ಮೇಲಿನ ಸ್ವಲ್ಪ ದೂರ ಮಾತ್ರ ಹುಷಾರಾಗಿದ್ದೆ. ಗಂಟೆಗಟ್ಟಲೆ ಜೋರಾಗಿ ಓಡಿಸಿ ಬಂದ ಕಣ್ಣಿಗೆ 60 ಕೂಡ ತೆವಳಿದ ಹಾಗೆ ಕಾಣಿಸುತ್ತದೆ. ಸ್ಪೀಡೋಮೀಟರ್ ನೋಡುತ್ತಲೇ ಇರಬೇಕು. ನಮ್ಮ ಬೀದಿ ಬಂದಾಗ ಮೈ ಜುಮ್ ಅನ್ನುತ್ತದೆ ಅಂದುಕೊಂಡಿದ್ದೆ. ನಿಜವಾಗಿ ತಲೆಯಲ್ಲಿ ಇದ್ದದ್ದು ಒಂದೇ, ಪಾರ್ಕಿಂಗಿಗೆ ಜಾಗ ಇದೆಯಾ?

ಇತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದರು. "ರಾತ್ರಿನೇ ಬಂದಿದ್ರೆ ಇಷ್ಟೊತ್ತಿಗೆ ಒಂದು ನಿದ್ದೆ ಆಗಿರ್ತಿತ್ತು," ಅಂದರು. ನಾನು ವಾದ ಮಾಡಲಿಲ್ಲ.

ಸಾಮಾನು ಇಳಿಸಲು ಮೂರು ದಿನ ಹಿಡಿಯಿತು. ಮಲಗಿದರೆ ಕಣ್ಣ ಮುಂದೆ ರಸ್ತೆ ಓಡುವುದು ಇನ್ನೂ ಪೂರ್ತಿ ನಿಂತಿಲ್ಲ. ಡ್ರೋನ್ ಸಿಕ್ಕಿತು, ಅದರ ಒಂದು ರೆಕ್ಕೆ ಸಿಕ್ಕಿಲ್ಲ. ಕಾರು ಇನ್ನೂ ತೊಳೆದಿಲ್ಲ. ಮುಂದಿನ ಪ್ರವಾಸ ಎಲ್ಲಿಗೆ ಅಂತ ಕಾಮೆಂಟಿನಲ್ಲಿ ಕೇಳುವವರು ದಯವಿಟ್ಟು ಸ್ವಲ್ಪ ತಿಂಗಳು ಬಿಟ್ಟು ಕೇಳಿ. ಸದ್ಯಕ್ಕೆ ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೇನೆ.